ಮೃತರ ಪ್ರಾರ್ಥನೆ ಶ್ರಾದ್ಧದ ಉಳಿಕೆಯೇ?

ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ತಾಲ್ಲೂಕುಗಳ ಕ್ರೈಸ್ತರು ತೀರಿಕೊಂಡ ತಮ್ಮವರಿಗಾಗಿ ಮಾಡಿಸುವ ಪೂಜೆ, ಸಲ್ಲಿಸುವ ಪ್ರಾರ್ಥನೆ, ನೀಡುವ ದಾನ ಇವೆಲ್ಲ ಅವರ ಪೂರ್ವಿಕರು ಮತಾಂತರಕ್ಕೆ ಮುಂಚೆ ಮಾಡುತ್ತಿದ್ದ ಶ್ರಾದ್ಧದ ಉಳಿಕೆಯೇ ಹೊರತು ಬೇರೇನಲ್ಲ ಎಂಬ ಅಭಿಪ್ರಾಯ ಕರಾವಳಿಯಲ್ಲಿ ಎಷ್ಟು ಗಟ್ಟಿಯಾಗಿ ನೆಲೆಯೂರಿದೆಯೆಂದರೆ, ಅದಕ್ಕೆ ಪುರಾವೆ ಕೇಳಬೇಕೆಂದು ಯಾರಿಗೂ ತೋರಿದಂತಿಲ್ಲ. ಸೌಹಾರ್ದವನ್ನು ಬಯಸುವ ಲೇಖಕರಿಗೆ ಈ ಮಾತು ಪ್ರಿಯವಾದದ್ದು, ಏಕೆಂದರೆ ಹೆಸರು ಬೇರೆಯಾದರೂ ಆಚಾರ ಒಂದೇ ಎಂದು ಹೇಳಿಬಿಟ್ಟರೆ ನೆರೆಹೊರೆಯ ಬಾಂಧವ್ಯ ಸುಲಭವಾಗಿ ಸಿದ್ಧಿಸುತ್ತದೆ. ಮತಾಂತರಗೊಂಡ ಸಮುದಾಯಗಳಲ್ಲಿ ಹಳೆಯದರ ಕುರುಹು ಹುಡುಕುವುದನ್ನೇ ಕೆಲಸವಾಗಿಸಿಕೊಂಡ ಜನಪದ ಅಧ್ಯಯನಕ್ಕೂ ಇದು ಅನುಕೂಲವೇ. ಇವರಿಬ್ಬರ ಕಟ್ಟಾ ವಿರೋಧಿಗಳೆಂದು ಭಾವಿಸಲಾಗುವ ಹೊಸ ಸುವಾರ್ತಾ ಸಭೆಗಳ ಬೋಧಕರು ಕೂಡ, ಸತ್ತವರಿಗಾಗಿ ಪ್ರಾರ್ಥಿಸುವುದು ಅನ್ಯಧರ್ಮೀಯರ ಪದ್ಧತಿಯೆಂದು ಖಂಡಿಸುವಾಗ, ತಮಗೆ ಅರಿವಿಲ್ಲದೆಯೇ ಅದೇ ವಾದವನ್ನು ಒಪ್ಪಿಕೊಂಡಿರುತ್ತಾರೆ.

ಈ ಅಭಿಪ್ರಾಯದ ಕೆಳಗೆ ಹೇಳದೆ ಬಿಟ್ಟ ಇನ್ನೊಂದು ನಂಬಿಕೆ ಅಡಗಿದೆ. ಕ್ರೈಸ್ತ ಧರ್ಮದ ಪ್ರಕಾರ ಮನುಷ್ಯ ಸತ್ತ ಕ್ಷಣದಲ್ಲೇ ಅವನ ಆತ್ಮ ಸ್ವರ್ಗಕ್ಕೋ ನರಕಕ್ಕೋ ನೇರವಾಗಿ ಹೋಗಿ ಸೇರುತ್ತದೆ, ಅಲ್ಲಿಗೆ ಎಲ್ಲವೂ ಮುಗಿಯುತ್ತದೆ, ಬದುಕಿರುವವರು ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ ಎಂಬುದೇ ಆ ನಂಬಿಕೆ. ಧರ್ಮದಲ್ಲೇ ಏನೂ ಉಳಿದಿಲ್ಲವೆಂದಾದರೆ, ಇಲ್ಲಿಯ ಕ್ರೈಸ್ತರು ಮಾಡುವುದು ಹೊರಗಿನಿಂದ ಬಂದಿರಲೇಬೇಕು. ಹೊರಗೆ ಕಣ್ಣಿಗೆ ಬೀಳುವುದು ಶ್ರಾದ್ಧ. ಆದ್ದರಿಂದ ಅದು ಶ್ರಾದ್ಧದಿಂದಲೇ ಬಂತು. ತರ್ಕ ನೇರವಾಗಿದೆ, ಆದರೆ ಅದು ನಿಂತಿರುವ ನೆಲವೇ ಸುಳ್ಳು.

ಮೊದಲು ಆ ನೆಲವನ್ನೇ ಪರೀಕ್ಷಿಸಬೇಕು. ಕ್ರೈಸ್ತ ಸಭೆಗಳು ಭಾನುವಾರದ ಆರಾಧನೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣ, ಅಂದರೆ ನಂಬಿಕೆಯ ಮುಖ್ಯಾಂಶಗಳ ಸಂಗ್ರಹ, ಆತ್ಮ ಸ್ವರ್ಗಕ್ಕೆ ಹೋಗುವ ಮಾತಿನಿಂದ ಮುಗಿಯುವುದಿಲ್ಲ. ಸತ್ತವರ ಪುನರುತ್ಥಾನ ಮತ್ತು ಮುಂಬರುವ ಲೋಕದ ಜೀವನವನ್ನು ಎದುರುನೋಡುವುದರಿಂದ ಮುಗಿಯುತ್ತದೆ. ಪುನರುತ್ಥಾನವೆಂದರೆ ಕಾಲದ ಕೊನೆಯಲ್ಲಿ ಆತ್ಮ ತನ್ನದೇ ದೇಹವನ್ನು ರೂಪಾಂತರಗೊಂಡ ಸ್ಥಿತಿಯಲ್ಲಿ ಮತ್ತೆ ಪಡೆದು ಎದ್ದುಬರುವುದು. ಹೀಗಾಗಿ ಕ್ರೈಸ್ತ ಚಿಂತನೆಯಲ್ಲಿ ಮರಣಕ್ಕೂ ಅಂತಿಮ ಗತಿಗೂ ನಡುವೆ ಒಂದು ಅವಧಿ ಇದ್ದೇ ಇದೆ, ಮತ್ತು ಆ ಅವಧಿಯಲ್ಲಿ ಆತ್ಮದ ಸ್ಥಿತಿ ಏನು ಎಂಬ ಪ್ರಶ್ನೆಯನ್ನು ಸಭೆಗಳು ಇಪ್ಪತ್ತು ಶತಮಾನಗಳಿಂದ ಚರ್ಚಿಸುತ್ತಲೇ ಬಂದಿವೆ. ಪ್ರತಿಯೊಬ್ಬನಿಗೆ ಮರಣಾನಂತರ ಆಗುವ ವೈಯಕ್ತಿಕ ತೀರ್ಪು ಬೇರೆ, ಲೋಕಾಂತ್ಯದಲ್ಲಿ ಎಲ್ಲರಿಗೂ ಒಟ್ಟಿಗೆ ಆಗುವ ಸಾರ್ವತ್ರಿಕ ತೀರ್ಪು ಬೇರೆ ಎಂಬ ವಿಂಗಡಣೆ ಹುಟ್ಟಿದ್ದೂ ಈ ಚರ್ಚೆಯಿಂದಲೇ.

ಆ ಚರ್ಚೆ ಎಷ್ಟರ ಮಟ್ಟಿಗೆ ತೆರೆದೇ ಇತ್ತು ಎಂಬುದಕ್ಕೆ ರೋಮಿನ ಪೀಠವೇ ಸಾಕ್ಷಿ. ಆವಿನ್ಯೋನ್ ನಗರದಲ್ಲಿ ನೆಲೆಸಿದ್ದ ಪೋಪ್ 22ನೆಯ ಜಾನ್ 1331ರಿಂದ ನೀಡಿದ ಪ್ರವಚನಗಳಲ್ಲಿ, ಪುಣ್ಯಾತ್ಮರೂ ಸಾರ್ವತ್ರಿಕ ತೀರ್ಪಿನ ತನಕ ದೇವರನ್ನು ಮುಖಾಮುಖಿಯಾಗಿ ಕಾಣುವುದಿಲ್ಲ, ಅಲ್ಲಿಯವರೆಗೆ ಕಾಯುತ್ತಾರೆ ಎಂದು ಬೋಧಿಸಿ, ದೇವಶಾಸ್ತ್ರಜ್ಞರ ತೀವ್ರ ವಿರೋಧಕ್ಕೆ ಗುರಿಯಾಗಿ, 1334ರಲ್ಲಿ ಮರಣಶಯ್ಯೆಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಅವರ ಉತ್ತರಾಧಿಕಾರಿ 12ನೆಯ ಬೆನೆಡಿಕ್ಟ್ 1336ರಲ್ಲಿ ಹೊರಡಿಸಿದ ಶಾಸನವು, ಶುದ್ಧರಾದ ಆತ್ಮಗಳು ಪುನರುತ್ಥಾನಕ್ಕೆ ಮೊದಲೇ ದೇವದರ್ಶನ ಪಡೆಯುತ್ತವೆ ಎಂದು ಕಥೋಲಿಕ ಸಭೆಯ ಮಟ್ಟಿಗೆ ತೀರ್ಮಾನಿಸಿತು. ಅಂದರೆ ಎಲ್ಲ ಕ್ರೈಸ್ತರ ಆದಿಕಾಲದ ನಂಬಿಕೆಯೆಂದು ಇಂದು ಸಲೀಸಾಗಿ ಹೇಳಲಾಗುವ ಮಾತು ಅಧಿಕೃತ ರೂಪ ಪಡೆದದ್ದು 14ನೆಯ ಶತಮಾನದಲ್ಲಿ, ಅದೂ ಒಂದು ಸಭೆಯಲ್ಲಿ, ಅದೂ ಶುದ್ಧರಾದವರಿಗೆ ಎಂಬ ಷರತ್ತಿನೊಂದಿಗೆ.

ಆ ಷರತ್ತಿನಲ್ಲೇ ಕಥೋಲಿಕರ ಶುದ್ಧೀಕರಣ ಸ್ಥಳದ ತತ್ತ್ವ ಅಡಗಿದೆ. ಕೊಂಕಣಿ ಕಥೋಲಿಕರು ಪೋರ್ಚುಗೀಸರಿಂದ ಪಡೆದ ಹೆಸರಿನಲ್ಲಿ ಪುರ್ಗತೋರ್ ಎಂದು ಕರೆಯುವ ಇದು ನರಕದ ಒಂದು ಮೃದುವಾದ ಕೋಣೆಯಲ್ಲ, ಎರಡನೆಯ ಅವಕಾಶವೂ ಅಲ್ಲ. ದೇವರೊಡನೆ ಮೈತ್ರಿಯಲ್ಲಿ ಸತ್ತು ರಕ್ಷಣೆ ಖಚಿತವಾಗಿದ್ದರೂ ಪಾಪದ ಕಲೆ ಪೂರ್ತಿ ಹೋಗದವರು ದೇವದರ್ಶನಕ್ಕೆ ಮೊದಲು ಹಾದುಹೋಗುವ ಶುದ್ಧೀಕರಣದ ಸ್ಥಿತಿ ಅದು. 1274ರ ಲಿಯೋನ್, 1439ರ ಫ್ಲಾರೆನ್ಸ್ ಮತ್ತು 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಗಳು ಈ ತತ್ತ್ವವನ್ನು ದೃಢಪಡಿಸಿದವು. ಫ್ರೆಂಚ್ ಇತಿಹಾಸಕಾರ ಜಾಕ್ ಲ ಗೋಫ್ 1981ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಅದು ಒಂದು ಪ್ರತ್ಯೇಕ ಸ್ಥಳವಾಗಿ ಯುರೋಪಿನ ಕಲ್ಪನೆಯಲ್ಲಿ ಮೂಡಿದ್ದು 12ನೆಯ ಶತಮಾನದ ಕೊನೆಯ ದಶಕಗಳಲ್ಲಿ ಎಂದು ವಾದಿಸಿದರು. ಈ ವಾದವನ್ನು ಹಿಡಿದು, ಮೃತರ ಪ್ರಾರ್ಥನೆಯೇ ಮಧ್ಯಯುಗದ ಸೃಷ್ಟಿಯೆಂದು ಹೇಳುವವರಿದ್ದಾರೆ. ಅವರು ಲ ಗೋಫ್ ಅವರ ಪುಸ್ತಕದ ಹೆಸರನ್ನಷ್ಟೇ ಓದಿದಂತೆ ತೋರುತ್ತದೆ. ಸ್ಥಳದ ಕಲ್ಪನೆ ತಡವಾಗಿ ಬಂದಿರಬಹುದು, ಪ್ರಾರ್ಥನೆ ಅದಕ್ಕಿಂತ ಸಾವಿರ ವರ್ಷ ಹಳೆಯದು. ಕ್ರಿ.ಶ. 203ರಲ್ಲಿ ಕಾರ್ಥೇಜಿನ ಸೆರೆಮನೆಯಲ್ಲಿದ್ದ ಪೆರ್ಪೆಟುವಾ ಎಂಬ ತರುಣಿ, ಬಾಲ್ಯದಲ್ಲೇ ತೀರಿಕೊಂಡ ತಮ್ಮನಿಗಾಗಿ ಪ್ರಾರ್ಥಿಸಿದ್ದನ್ನು ಹುತಾತ್ಮಳಾಗುವ ಮೊದಲು ದಾಖಲಿಸಿದ್ದಾಳೆ. ಅದೇ ಪ್ರದೇಶದ ಲೇಖಕ ತೆರ್ತುಲ್ಲಿಯನ್ ಮೃತರ ವಾರ್ಷಿಕ ದಿನದಂದು ಅರ್ಪಣೆ ಸಲ್ಲಿಸುವುದನ್ನು ಆಗಲೇ ರೂಢಿಗೆ ಬಂದ ಪದ್ಧತಿಯೆಂಬಂತೆ ಉಲ್ಲೇಖಿಸುತ್ತಾನೆ.

ಇಷ್ಟು ಯುರೋಪ್ ಮತ್ತು ಆಫ್ರಿಕದ ಮಾತು. ಆದರೆ ಶ್ರಾದ್ಧವಾದವನ್ನು ನಿಜವಾಗಿ ಪರೀಕ್ಷೆಗೆ ಒಡ್ಡುವ ಪುರಾವೆ ದೂರದಲ್ಲಿಲ್ಲ, ಬ್ರಹ್ಮಾವರದಲ್ಲೇ ಇದೆ. ಇಲ್ಲಿ ಕೊಂಕಣಿ ಮಾತಾಡುವ, ಗೋವಾದಿಂದ ಬಂದ ಒಂದೇ ಮೂಲದ ಕ್ರೈಸ್ತರು ಎರಡು ಸಭೆಗಳಾಗಿ ಬಾಳುತ್ತಿದ್ದಾರೆ: ಒಂದು ಕಥೋಲಿಕ, ಇನ್ನೊಂದು ಸಿರಿಯನ್ ಆರ್ಥೊಡಾಕ್ಸ್. ಈ ಒಡಕಿಗೆ ಮರಣಾನಂತರದ ತತ್ತ್ವ ಕಾರಣವಾಗಿರಲಿಲ್ಲ. ಏಷ್ಯಾದ ಚರ್ಚುಗಳ ಮೇಲೆ ಪೋರ್ಚುಗಲ್ ರಾಜನಿಗಿದ್ದ ಪದ್ರುವಾದೊ ಎಂಬ ಪೋಷಣಾಧಿಕಾರಕ್ಕೂ ರೋಮಿನ ನೇರ ಆಡಳಿತಕ್ಕೂ ನಡುವಣ ಜಗಳ, 1886ರ ಒಪ್ಪಂದದ ನಂತರ ಈ ಭಾಗದ ಚರ್ಚುಗಳು ಗೋವಾದ ಕೈತಪ್ಪಿದಾಗ ಉಲ್ಬಣಿಸಿತು. ಗೋವಾದ ವೆರ್ಣಾ ಮೂಲದ ಪಾದ್ರಿ ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಅಲ್ವಾರಿಸ್ 1889ರ ಜುಲೈ ತಿಂಗಳಲ್ಲಿ ಕೇರಳದ ಕೋಟ್ಟಯಂನಲ್ಲಿ ಸಿರಿಯನ್ ಪರಂಪರೆಯ ಮಲಂಕರ ಸಭೆಯ ಮೆತ್ರಾಪೊಲಿತರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷೇಕ ಪಡೆದರು. ಅವರ ಜೊತೆಗಾರ ಪಾದ್ರಿ ರೋಕ್ ಝೆಫ್ರಿನ್ ನೊರೋನ್ಹಾ ಬ್ರಹ್ಮಾವರದಲ್ಲೇ ನೆಲೆನಿಂತು 1936ರಲ್ಲಿ ತೀರಿಕೊಳ್ಳುವ ತನಕ ಅಲ್ಲಿಯ ಜನರನ್ನು ನಡೆಸಿದರು. ಈ ಪರಿಸರದ ಕೊಂಕಣಿ ಕುಟುಂಬಗಳ ಒಂದು ಭಾಗ ಅವರ ಹಿಂದೆ ಹೋಯಿತು. ಹೊಸ ಸಭೆಗೆ ಸೇರಿದ ಮೇಲೂ ಹಲವು ದಶಕಗಳ ಕಾಲ ಲ್ಯಾಟಿನ್ ವಿಧಿಯ ಪೂಜೆಯನ್ನೇ ಉಳಿಸಿಕೊಂಡಿದ್ದ ಅವರು ಕ್ರಮೇಣ ಸಿರಿಯನ್ ವಿಧಿಗೆ ಬಂದರು.

ಇಂದು ಈ ಎರಡು ಸಭೆಗಳ ಮೃತಸ್ಮರಣೆಯನ್ನು ಹೋಲಿಸಿ ನೋಡಿದರೆ ಶ್ರಾದ್ಧವಾದ ಎಲ್ಲಿ ಮುಗ್ಗರಿಸುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕಥೋಲಿಕರಿಗೆ ಎಲ್ಲ ಮೃತರ ಸ್ಮರಣೆಯ ದಿನ ನವೆಂಬರ್ 2. ಅಂದು ಸಮಾಧಿಗಳ ಆಶೀರ್ವಾದ ನಡೆಯುತ್ತದೆ. ಆ ದಿನವನ್ನು ಗೊತ್ತುಪಡಿಸಿದ್ದು 10ನೆಯ ಶತಮಾನದ ಅಂಚಿನಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓದಿಲೋ. ಅಂದು ಪ್ರತಿ ಧರ್ಮಗುರುವೂ ಮೂರು ಬಲಿಪೂಜೆ ಅರ್ಪಿಸಬಹುದೆಂಬ ಅನುಮತಿಯನ್ನು ಮಹಾಯುದ್ಧದ ನಡುವೆ, 1915ರಲ್ಲಿ, ಪೋಪ್ 15ನೆಯ ಬೆನೆಡಿಕ್ಟ್ ನೀಡಿದರು. ಸಿರಿಯನ್ ಆರ್ಥೊಡಾಕ್ಸರ ಪಂಚಾಂಗದಲ್ಲಿ ನವೆಂಬರ್ 2 ಪರುಮಲದ ಗೀವರ್ಗೀಸ್ ಮಾರ್ ಗ್ರೆಗೋರಿಯೋಸ್ ಅವರ ಸ್ಮರಣೆಯ ದಿನ. ಅಲ್ವಾರಿಸರ ಅಭಿಷೇಕದಲ್ಲಿ ಭಾಗವಹಿಸಿದ್ದ ಅವರು 1902ರಲ್ಲಿ ತೀರಿಕೊಂಡದ್ದು ಅದೇ ತಾರೀಕಿನಂದು. ಎಲ್ಲ ಮೃತ ವಿಶ್ವಾಸಿಗಳ ಸ್ಮರಣೆಗೆ ಆರ್ಥೊಡಾಕ್ಸರು ಇಟ್ಟುಕೊಂಡಿರುವುದು ಈಸ್ಟರ್‌ಗೆ ಮುಂಚಿನ ದೊಡ್ಡ ನೋಂಬು ಆರಂಭವಾಗುವುದಕ್ಕೆ ಹತ್ತಿರದ ಒಂದು ಭಾನುವಾರವನ್ನು; ಅದಕ್ಕೆ ಒಂದು ವಾರ ಮೊದಲಿನ ಭಾನುವಾರ ಮೃತ ಗುರುಗಳದ್ದು. ತೀರಿಕೊಂಡವರಿಗಾಗಿ ಅವರು ವಿಶೇಷವಾಗಿ ಎಣಿಸುವುದು 40ನೆಯ ದಿನವನ್ನು. ಕಥೋಲಿಕರು 7ನೆಯ ಮತ್ತು 30ನೆಯ ದಿನಗಳನ್ನು ಎಣಿಸುತ್ತಾರೆ. ತತ್ತ್ವದಲ್ಲಿಯೂ ವ್ಯತ್ಯಾಸ ದೊಡ್ಡದು: ಆರ್ಥೊಡಾಕ್ಸರು ಶುದ್ಧೀಕರಣ ಸ್ಥಳವನ್ನು ಒಪ್ಪುವುದಿಲ್ಲ. ಅವರ ಪರಂಪರೆಯ ಮೂಲದಲ್ಲಿರುವ 4ನೆಯ ಶತಮಾನದ ಸಿರಿಯಾಕ್ ಗುರುಗಳಲ್ಲಿ ಅಫ್ರಹಾತ್ ಮರಣಾನಂತರದ ಸ್ಥಿತಿಯನ್ನು ನಿದ್ರೆಯೆಂದು ವರ್ಣಿಸಿದರೆ, 373ರಲ್ಲಿ ತೀರಿಕೊಂಡ ಎಫ್ರೇಮ್, ದೇಹವಿಲ್ಲದ ಆತ್ಮ ಪರದೈಸಿನ ಒಳಕ್ಕೆ ಪ್ರವೇಶಿಸಲಾರದೆ ಅದರ ಹೊರವಲಯದಲ್ಲಿ ತನ್ನ ಸಂಗಾತಿಯಾದ ದೇಹಕ್ಕಾಗಿ ಕಾಯುತ್ತದೆ ಎಂದರು. ಬೆಂಕಿಯಿಲ್ಲ, ಅವಧಿಯ ಲೆಕ್ಕವಿಲ್ಲ, ಆದರೂ ಪ್ರಾರ್ಥನೆಯಿದೆ. ಏಕೆಂದರೆ ಅಂತಿಮ ತೀರ್ಪು ಇನ್ನೂ ಹೊರಬಿದ್ದಿಲ್ಲ, ಮತ್ತು ಸತ್ತವರೂ ಬದುಕಿರುವವರೂ ಒಂದೇ ಸಭೆಯ ಸದಸ್ಯರು.

ಒಂದೇ ಭಾಷೆ, ಒಂದೇ ಬಗೆಯ ಕುಲನಾಮ, ಒಂದೇ ಊರು, ಅದೇ ನೆರೆಹೊರೆ. ಮೃತಸ್ಮರಣೆ ಮಾತ್ರ ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ತತ್ತ್ವದ ಆಧಾರದ ಮೇಲೆ. ಈ ಆಚರಣೆ ಪೂರ್ವಿಕರ ಶ್ರಾದ್ಧದಿಂದ ಬಂದಿದ್ದರೆ ಸಭೆ ಬದಲಾದರೂ ಅದು ಬದಲಾಗಬಾರದಾಗಿತ್ತು. ನೆಲದ ಆಳದಲ್ಲಿ ಬೇರುಬಿಟ್ಟದ್ದಕ್ಕೆ ಕೋಟ್ಟಯಂನ ಅಭಿಷೇಕದಿಂದ ಆಗಬೇಕಾದದ್ದೇನು? ಆದರೆ ಆದದ್ದು ಬದಲಾವಣೆಯೇ. ಪೂಜಾವಿಧಿ ಲ್ಯಾಟಿನ್‌ನಿಂದ ಸಿರಿಯನ್‌ಗೆ ಹೊರಳಿದಂತೆ ಸತ್ತವರ ದಿನಗಳೂ ಹೊರಳಿದವು. ಆಚರಣೆಯನ್ನು ರೂಪಿಸುವುದು ಪೂಜಾಗ್ರಂಥ, ಮಣ್ಣಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ಯಾವ ಸಂಶೋಧಕನೂ ಯೋಜಿಸಲಾರ.

ಇದೇ ಪರೀಕ್ಷೆಯ ಮತ್ತೊಂದು ಮುಖ ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟೆಂಟರದು. 1834ರಲ್ಲಿ ಕರಾವಳಿಗೆ ಬಂದ ಈ ಮಿಷನ್ ಮಂಗಳೂರು, ಉಡುಪಿ ಪರಿಸರದಲ್ಲಿ ಗಳಿಸಿದ ಅನುಯಾಯಿಗಳಲ್ಲಿ ಬಹುಪಾಲು ಬಿಲ್ಲವರು. ಅವರ ವಂಶಜರು ಇಂದು ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐ ಸಭೆಯ ಸದಸ್ಯರು. ಗೋವಾದ ಕಥೋಲಿಕರ ಪೂರ್ವಿಕರು 16ನೆಯ ಶತಮಾನದಲ್ಲೇ ಕ್ರೈಸ್ತರಾದರೆ, ಕುಂದಾಪುರದ ಪವಿತ್ರ ರೋಜರಿ ಮಾತೆಯ ಧರ್ಮಕೇಂದ್ರ 1570ರಷ್ಟು ಹಳೆಯದಾದರೆ, ಇವರು ಹಿರಿಯರಿಗೆ ಅಗೆಲು ಎಂಬ ಎಡೆ ಬಡಿಸುವ, ಕುಲೆಗಳನ್ನು ಅಂದರೆ ಸತ್ತವರ ಪ್ರೇತಗಳನ್ನು ಸತ್ಕರಿಸುವ, ಬೊಜ್ಜವೆಂಬ ಉತ್ತರಕ್ರಿಯೆ ಮಾಡುವ ಪದ್ಧತಿಯನ್ನು ಬಿಟ್ಟು ಎರಡು ಶತಮಾನವೂ ತುಂಬಿಲ್ಲ. ಉಳಿಕೆಯ ಸಿದ್ಧಾಂತ ನಿಜವಾಗಿದ್ದರೆ ಮೃತರ ಪ್ರಾರ್ಥನೆ ಇವರಲ್ಲಿ ಅತ್ಯಂತ ಗಾಢವಾಗಿ ಉಳಿದಿರಬೇಕಿತ್ತು. ವಾಸ್ತವದಲ್ಲಿ ಇವರ ಸಭೆಯಲ್ಲಿ ಮೃತರಿಗಾಗಿ ಪ್ರಾರ್ಥಿಸುವುದೇ ಇಲ್ಲ. ನಡೆಯುವ ಸ್ಮರಣಾ ಕೂಟದಲ್ಲಿ ಸತ್ತವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಸಲ್ಲುತ್ತದೆ, ಉಳಿದವರ ಸಾಂತ್ವನಕ್ಕಾಗಿ ಬೇಡಿಕೆ ಸಲ್ಲುತ್ತದೆ. ಶ್ರಾದ್ಧಕ್ಕೆ ಕಾಲದಲ್ಲಿ ಹತ್ತಿರದವರಲ್ಲಿ ಅದರ ಸುಳಿವಿಲ್ಲ, ದೂರದವರಲ್ಲಿ ಮಾತ್ರ ಅದರ ಉಳಿಕೆಯಿದೆ ಎಂದು ನಂಬಬೇಕಾದರೆ ಉಳಿಕೆ ಎಂಬುದು ಹಳತಾದಷ್ಟೂ ಹೆಚ್ಚುತ್ತದೆ ಎಂಬ ವಿಚಿತ್ರ ನಿಯಮವನ್ನು ಒಪ್ಪಬೇಕಾಗುತ್ತದೆ.

ಬಾಸೆಲ್ ಮಿಷನಿನ ಕಟ್ಟುನಿಟ್ಟಾದ ಸಭಾಶಿಸ್ತು ಉಳಿಕೆಯನ್ನು ಅಳಿಸಿಹಾಕಿತು ಎಂಬ ಉತ್ತರ ಬರಬಹುದು. ಆದರೆ ಶಿಸ್ತಿನ ಮಾತು ಬಂದರೆ ಗೋವಾದ ಶಿಸ್ತು ಅದಕ್ಕಿಂತ ಭೀಕರವಾಗಿತ್ತು. 1560ರಲ್ಲಿ ಆರಂಭವಾದ ಧರ್ಮವಿಚಾರಣಾ ನ್ಯಾಯಾಲಯ ರಾಜ್ಯಾಧಿಕಾರದ ಬೆಂಬಲದಿಂದ ನಡೆಯುತ್ತಿತ್ತು, ಮತ್ತು ಅದು 1736ರಲ್ಲಿ ಹೊರಡಿಸಿದ ಶಾಸನ ಹೆರಿಗೆ, ಮದುವೆ, ಮರಣಗಳ ಸಂದರ್ಭದ ಹತ್ತಾರು ದೇಶೀಯ ಆಚರಣೆಗಳನ್ನು ಹೆಸರಿಸಿ ನಿಷೇಧಿಸಿತ್ತು. ಸರ್ಕಾರದ ಬಲವಿಲ್ಲದ ಬಾಸೆಲ್ ಪಾದ್ರಿಗಳಿಗೆ ಸಾಧ್ಯವಾದದ್ದು ಆ ನ್ಯಾಯಾಲಯಕ್ಕೆ ಸಾಧ್ಯವಾಗಲಿಲ್ಲವೆಂದು ಹೇಗೆ ನಂಬುವುದು? ಅದರ ಕಾಟ ತಪ್ಪಿಸಿಕೊಳ್ಳಲೆಂದೇ ಅನೇಕರು ಗೋವಾ ಬಿಟ್ಟು ಈ ಕಡೆಗೆ ಬಂದರು ಎಂದು ವಾದಿಸಿದರೆ, ಹಾಗೆ ಬಂದವರು ಕಾಪಾಡಿಕೊಂಡಿರಬೇಕಾದದ್ದು ಪಿಂಡವನ್ನು, 11ನೆಯ ದಿನವನ್ನು, ಮಹಾಲಯದ ಪಕ್ಷವನ್ನು. ಅವರು ಕಾಪಾಡಿಕೊಂಡದ್ದಾದರೋ ಚರ್ಚೇ ವಿಧಿಸಿದ್ದ ತಿಂಗಳ ಮೀಸ್, ಅಂದರೆ ತೀರಿಕೊಂಡ 30ನೆಯ ದಿನದ ಬಲಿಪೂಜೆ. ಚರ್ಚಿನ ಕಣ್ಣು ತಪ್ಪಿಸಿ ಓಡುವವರು ಚರ್ಚಿನ ಪೂಜೆಯನ್ನೇ ಕಳ್ಳಸಾಗಣೆ ಮಾಡಿದರೆಂಬ ಕಥೆಗೆ ರಂಜನೆಯ ಗುಣವಿದೆ, ಇತಿಹಾಸದ ಗುಣವಿಲ್ಲ.

ದಿನಗಳ ಎಣಿಕೆಯನ್ನು ಕುರಿತು ಇನ್ನಷ್ಟು ಹೇಳಬೇಕು, ಏಕೆಂದರೆ ಉಳಿಕೆವಾದಿಗಳು ತಿಂಗಳ ಮೀಸನ್ನು ಮಾಸಿಕ ಶ್ರಾದ್ಧಕ್ಕೂ ವಾರ್ಷಿಕ ಪೂಜೆಯನ್ನು ತಿಥಿಗೂ ತಾಳೆ ಹಾಕಿ ತಮ್ಮ ವಾದ ಗೆದ್ದಿತೆಂದು ಭಾವಿಸುತ್ತಾರೆ. ಮೋಶೆಗಾಗಿ ಮತ್ತು ಆರೋನನಿಗಾಗಿ ಇಸ್ರಾಯೇಲ್ಯರು 30 ದಿನ ಶೋಕಿಸಿದರೆಂದು ಹಳೆಯ ಒಡಂಬಡಿಕೆ ಹೇಳುತ್ತದೆ. 4ನೆಯ ಶತಮಾನದ ಕೊನೆಯ ಭಾಗದಲ್ಲಿ ಸಿರಿಯಾದಲ್ಲಿ ಸಂಕಲನಗೊಂಡ ಅಪೋಸ್ತಲರ ವಿಧಿಗಳು ಎಂಬ ಗ್ರಂಥ ಮೃತರಿಗಾಗಿ 3ನೆಯ, 9ನೆಯ, 40ನೆಯ ದಿನಗಳನ್ನೂ ವಾರ್ಷಿಕ ದಿನವನ್ನೂ ಆಚರಿಸಬೇಕೆಂದು ವಿಧಿಸುತ್ತದೆ. 6ನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೋರಿ ಬರೆದ ಸಂವಾದಗಳಲ್ಲಿ, ಮೂರು ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟುಕೊಂಡು ಸತ್ತ ಜುಸ್ತುಸ್ ಎಂಬ ಸಂನ್ಯಾಸಿಗಾಗಿ ಎಡೆಬಿಡದೆ 30 ದಿನ ಬಲಿಪೂಜೆ ಅರ್ಪಿಸಿದ ವೃತ್ತಾಂತವಿದೆ, ಮತ್ತು ಗ್ರೆಗೋರಿಯನ್ ಪೂಜೆಗಳೆಂದು ಇಂದಿಗೂ ಕರೆಯಲಾಗುವ ಮೂವತ್ತು ಪೂಜೆಗಳ ಸರಣಿಗೆ ಅದೇ ಮೂಲ. ಹೀಗೆ 30, 40ರ ವಂಶಾವಳಿ ಸ್ಪಷ್ಟವಾಗಿದೆ. ಇಲ್ಲಿಯ ನೆಲದ ಎಣಿಕೆಗಳಾದ 11, 12, 13, 16ರಲ್ಲಿ ಒಂದೂ ಈ ಯಾವ ಸಭೆಯ ಪೂಜಾವಿಧಿಯಲ್ಲೂ ಇಲ್ಲ. ವಾರ್ಷಿಕವೂ ಬೀಳುವುದು ತಾರೀಕಿಗೆ, ತಿಥಿಗಲ್ಲ. ಮಾಸಿಕವನ್ನು ಉಳಿಸಿಕೊಂಡು, ಸತ್ತವನನ್ನು ಪಿತೃಗಳ ಸಾಲಿಗೆ ಸೇರಿಸುವ ಸಪಿಂಡೀಕರಣದ ದಿನವನ್ನೇ ಮರೆತುಬಿಡುವ ಶ್ರಾದ್ಧ ಎಂಥ ಶ್ರಾದ್ಧ?

ಉಳಿಕೆವಾದದ ಕೈಯಲ್ಲಿರುವ ಅತ್ಯಂತ ಬಲವಾದ ಸಾಕ್ಷ್ಯವೆಂದರೆ ಊಟ. ಮೃತರ ಹೆಸರಿನಲ್ಲಿ ಬಡವರಿಗೆ ಉಣಬಡಿಸುವುದನ್ನು ಬ್ರಾಹ್ಮಣಭೋಜನದ ರೂಪಾಂತರವೆಂದು ಕಾಣುವುದು ಮೊದಲ ನೋಟಕ್ಕೆ ಸಹಜವಾಗಿಯೇ ಇದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ರೋಮನ್ ಜಗತ್ತಿನಲ್ಲಿ ಸಮಾಧಿಯ ಬಳಿ ಸತ್ತವರಿಗೆ ಆಹಾರ ಒಯ್ಯುವ ಪದ್ಧತಿ ವ್ಯಾಪಕವಾಗಿತ್ತು ಮತ್ತು ಆರಂಭದ ಕ್ರೈಸ್ತರಲ್ಲೂ ಅದು ಮುಂದುವರಿದಿತ್ತು. ಸಂತ ಅಗಸ್ಟಿನ್ ತಮ್ಮ ಆತ್ಮನಿವೇದನೆಯಲ್ಲಿ ತಾಯಿ ಮೋನಿಕಾ ಕುರಿತು ಹೇಳುವ ಪ್ರಕಾರ, ಆಫ್ರಿಕದ ರೂಢಿಯಂತೆ ಆಕೆ ಮಿಲಾನಿನಲ್ಲಿ ಹುತಾತ್ಮರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ದಾಗ, ಅಲ್ಲಿಯ ಧರ್ಮಾಧ್ಯಕ್ಷ ಆಂಬ್ರೋಸ್ ಅದನ್ನು ನಿಷೇಧಿಸಿದ್ದಾರೆಂದು ದ್ವಾರಪಾಲಕ ತಡೆದ. ಆಕೆ ಮರುಮಾತಿಲ್ಲದೆ ಆ ಪದ್ಧತಿ ಬಿಟ್ಟು, ತನ್ನಲ್ಲಿದ್ದುದನ್ನು ಬಡವರಿಗೆ ಕೊಡತೊಡಗಿದಳು. 387ರಲ್ಲಿ ಓಸ್ತಿಯಾದಲ್ಲಿ ಸಾಯುವಾಗ ಆಕೆ ಮಕ್ಕಳಿಂದ ಬೇಡಿದ್ದು ಬಲಿಪೀಠದ ಬಳಿ ತನ್ನ ಸ್ಮರಣೆಯೊಂದನ್ನೇ. ಅದೇ ಶತಮಾನದ ಕೊನೆಯಲ್ಲಿ ರೋಮಿನ ಪಮ್ಮಾಕಿಯುಸ್ ಎಂಬ ಕುಲೀನ, ಹೆಂಡತಿ ಪೌಲಿನಾ ತೀರಿಕೊಂಡಾಗ ಸಂತ ಪೇತ್ರರ ಬೃಹದಾಲಯದಲ್ಲಿ ನಗರದ ಬಡವರಿಗೆಲ್ಲ ಊಟ ಹಾಕಿಸಿದ್ದನ್ನು ನೋಲಾದ ಪೌಲಿನುಸ್ ಪತ್ರದಲ್ಲಿ ಕೊಂಡಾಡಿದ್ದಾರೆ. ಸಮಾಧಿಯ ಮೇಲಿನ ಆಹಾರ ಬಡವರ ಎಲೆಗೆ ಬಂದದ್ದು ಹೀಗೆ, ಮತ್ತು ಆ ಎಲೆ ಬಿದ್ದದ್ದು ಪೋರ್ಚುಗೀಸ್ ಹಡಗು ಮಲಬಾರ್ ತೀರ ಮುಟ್ಟುವುದಕ್ಕೆ ಹನ್ನೊಂದು ಶತಮಾನಗಳ ಮುಂಚೆ. ಈ ಪದ್ಧತಿ ಕ್ರೈಸ್ತೇತರ ಮೂಲದ್ದೆಂದು ಹೇಳಲೇಬೇಕಾದರೆ ರೋಮನ್ ಮೂಲದ್ದೆಂದು ಹೇಳಬಹುದು. ಕುಂದಾಪುರದ ಶ್ರಾದ್ಧದ ಋಣ ಇದರಲ್ಲಿಲ್ಲ.

ಹೋಲಿಕೆಯ ಅಬ್ಬರದಲ್ಲಿ ಕ್ರೈಸ್ತರ ಪ್ರಾರ್ಥನೆಗೆ ಮಾತ್ರವಲ್ಲ, ಶ್ರಾದ್ಧಕ್ಕೂ ಅನ್ಯಾಯವಾಗುತ್ತದೆ. ಶ್ರಾದ್ಧವೆಂದರೆ ಹಿರಿಯರ ನೆನಪು ಎಂಬ ಸಡಿಲ ಮಾತಿನಲ್ಲಿ ಅದರ ಬಿಗಿಯಾದ ರಚನೆ ಕರಗಿಹೋಗುತ್ತದೆ. ಶಾಸ್ತ್ರದ ಪ್ರಕಾರ ಸತ್ತವನು ಮೊದಲು ಪ್ರೇತ. ಪಿಂಡಗಳಿಂದ ಅವನಿಗೆ ಸೂಕ್ಷ್ಮದೇಹ ಒದಗುತ್ತದೆ. ಸಪಿಂಡೀಕರಣದಿಂದ ಅವನು ಪಿತೃಗಳ ಸಾಲಿಗೆ ಸೇರುತ್ತಾನೆ. ತಂದೆ, ಅಜ್ಜ, ಮುತ್ತಜ್ಜ ಕ್ರಮವಾಗಿ ವಸು, ರುದ್ರ, ಆದಿತ್ಯ ಸ್ವರೂಪರಾಗಿ ಆಹ್ವಾನಿತರಾಗುತ್ತಾರೆ. ಇದು ಸಂತತಿಯ ಋಣ, ಅದನ್ನು ತೀರಿಸುವ ಮೊದಲ ಅಧಿಕಾರ ಮಗನದು, ತೃಪ್ತರಾದ ಪಿತೃಗಳು ವಂಶವನ್ನು ಹರಸುತ್ತಾರೆ. ಬಲಿಪೂಜೆಯಲ್ಲಿ ಈ ಯಾವ ಕೊಂಡಿಯೂ ಇಲ್ಲ. ಅಲ್ಲಿ ಅರ್ಪಣೆ ಸಲ್ಲುವುದು ದೇವರಿಗೆ, ಮೃತನಿಗಲ್ಲ, ಆತ್ಮಕ್ಕೆ ಹಸಿವಿಲ್ಲ, ಮಗನಿಲ್ಲದವನಿಗೆ ಏನೂ ಕಡಿಮೆಯಾಗುವುದಿಲ್ಲ, ಸಂಬಂಧವೇ ಇಲ್ಲದ ಅಪರಿಚಿತನಿಗಾಗಿಯೂ ಯಾವ ಹೆಂಗಸಾದರೂ ಪೂಜೆ ಮಾಡಿಸಬಹುದು. ತರ್ಪಣದಲ್ಲಿಯೂ ಬಂಧುಗಳಿಲ್ಲದವರಿಗೆ ನೀರು ಬಿಡುವ ಔದಾರ್ಯವಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಆದರೆ ಅದು ವಂಶದ ವ್ಯವಸ್ಥೆಯ ಅಂಚಿನಲ್ಲಿ ತೋರುವ ಕರುಣೆ, ಇಲ್ಲಿ ವಂಶವೇ ವ್ಯವಸ್ಥೆಯ ಭಾಗವಲ್ಲ. ದೇಹದ ವಿಷಯದಲ್ಲಂತೂ ಎರಡೂ ಎದುರುಬದುರು. ಒಂದು ಕಡೆ ದೇಹವನ್ನು ಸುಟ್ಟು ಅಸ್ಥಿಯನ್ನು ನದಿಗೋ ಕಡಲಿಗೋ ಬಿಟ್ಟು ಆತ್ಮವನ್ನು ಬಂಧನದಿಂದ ಬಿಡಿಸುವ ದೃಷ್ಟಿ. ಇನ್ನೊಂದು ಕಡೆ ಅದೇ ದೇಹ ಎದ್ದುಬರುತ್ತದೆಂದು ಅದನ್ನು ಚರ್ಚಿನ ಪಕ್ಕದ ಮಣ್ಣಿನಲ್ಲಿ ಹೂಳುವ ದೃಷ್ಟಿ. ಕಥೋಲಿಕ ಸಭೆ ದಹನಕ್ಕೆ ಒಪ್ಪಿಗೆ ಕೊಟ್ಟದ್ದು 1963ರಲ್ಲಿ, ಅದೂ ಪುನರುತ್ಥಾನದ ನಿರಾಕರಣೆ ಅದರ ಉದ್ದೇಶವಾಗಿರದಿದ್ದರೆ ಮಾತ್ರ.

ಬೈಬಲಿನಲ್ಲಿ ಇದಕ್ಕೆ ಆಧಾರವಿಲ್ಲವೆಂಬ ಸುವಾರ್ತಾ ಬೋಧಕರ ಆಕ್ಷೇಪಕ್ಕೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಅವರು ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯವನ್ನೂ ಲೂಕನ 16ನೆಯ ಅಧ್ಯಾಯದ ಐಶ್ವರ್ಯವಂತ ಮತ್ತು ಲಾಜರನ ಕಥೆಯನ್ನೂ ಮುಂದಿಡುತ್ತಾರೆ. ಮೊದಲನೆಯದು ಸತ್ತ ಮೇಲೆ ತೀರ್ಪು ಇದೆಯೆಂದು ಹೇಳುತ್ತದೆ, ಪ್ರಾರ್ಥಿಸಬಾರದೆಂದು ಹೇಳುವುದಿಲ್ಲ. ಎರಡನೆಯದು ಒಬ್ಬ ಕಠಿಣಹೃದಯಿಯ ಗತಿಯ ಕಥೆ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಬೈಬಲುಗಳಲ್ಲಿರುವ ಮಕ್ಕಬಿಯರ 2ನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ, ಯುದ್ಧದಲ್ಲಿ ಸತ್ತ ಸೈನಿಕರ ಪಾಪಪರಿಹಾರಕ್ಕಾಗಿ ಯೂದ ಮಕ್ಕಬಿ ಹಣ ಸಂಗ್ರಹಿಸಿ ಜೆರುಸಲೇಮಿಗೆ ಕಳುಹಿಸಿದ ವೃತ್ತಾಂತವಿದೆ, ಮತ್ತು ಪುನರುತ್ಥಾನದ ಭರವಸೆಯೇ ಅದಕ್ಕೆ ಕಾರಣವೆಂದು ಅದೇ ಗ್ರಂಥ ವಿವರಿಸುತ್ತದೆ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಈ ಗ್ರಂಥ ಇಲ್ಲದಿರುವುದು ನಿಜ. ಹಾಗೆಂದು ಕ್ರಿಸ್ತಪೂರ್ವದ ಯೆಹೂದ್ಯರು ಕರಾವಳಿಯ ಶ್ರಾದ್ಧವನ್ನು ಅನುಕರಿಸಿದರೆಂದು ಯಾರೂ ಹೇಳಲಾರರು. ಸುಧಾರಣಾವಾದಿಗಳೂ ಒಂದೇ ಮಾತಿನವರಾಗಿರಲಿಲ್ಲ. ಪಾಪಕ್ಷಮಾಪತ್ರಗಳ ವ್ಯಾಪಾರವನ್ನು 1517ರಲ್ಲಿ ಬಯಲಿಗೆಳೆದ ಮಾರ್ಟಿನ್ ಲೂಥರ್ ಖಾಸಗಿಯಾಗಿ ಮೃತರಿಗಾಗಿ ಪ್ರಾರ್ಥಿಸುವುದನ್ನು ಪಾಪವೆನ್ನಲಿಲ್ಲ. ಇಂಗ್ಲೆಂಡ್ ಸಭೆಯ 1549ರ ಪ್ರಾರ್ಥನಾ ಪುಸ್ತಕದಲ್ಲಿದ್ದ ಮೃತರ ಪ್ರಾರ್ಥನೆ 1552ರ ಆವೃತ್ತಿಯಲ್ಲಿ ಹೊರಬಿತ್ತು. ಸಿಎಸ್‌ಐ ಸಭೆಯ ಮೌನ ಈ ಜಗಳದ ಒಂದು ಗೌರವಾರ್ಹ ಫಲ. ಅದು ಯುರೋಪಿನ ವಿವಾದವೊಂದರಲ್ಲಿ ತಳೆದ ನಿಲುವೇ ಹೊರತು ನೆರೆಯ ಶ್ರಾದ್ಧದಿಂದ ಮೈತೊಳೆದುಕೊಂಡದ್ದರ ಗುರುತಲ್ಲ.

ಈ ಖಂಡನೆಯ ಅರ್ಥ ಕರಾವಳಿಯ ಕ್ರೈಸ್ತರ ಬದುಕಿನಲ್ಲಿ ನೆಲದ ಪಾಲು ಇಲ್ಲವೆಂದಲ್ಲ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್, ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮಂದಿಯೆಲ್ಲ ಹೊಸತು ಉಣ್ಣುವ ಕ್ರಮ, ಇವು ಇಲ್ಲಿಯ ಕೃಷಿಸಂಸ್ಕೃತಿಯೊಡನೆ ಹಂಚಿಕೊಂಡವು ಎಂಬುದರಲ್ಲಿ ವಿವಾದವಿಲ್ಲ. ತೆನೆಯ ವಿಷಯದಲ್ಲಿ ನಿಜವಾದದ್ದನ್ನು ಸಮಾಧಿಯ ವಿಷಯಕ್ಕೂ ಪರಿಶೀಲನೆಯಿಲ್ಲದೆ ಹೊಂದಿಸಿದ್ದರಲ್ಲಿ ತಪ್ಪು ನಡೆದಿದೆ. ಮದುವೆ ಮತ್ತು ಬೆಳೆಯ ಆಚರಣೆಗಳು ಮನೆಯ ಅಧೀನದಲ್ಲಿವೆ, ಅಲ್ಲಿ ಅಜ್ಜಿಯ ಮಾತೇ ಶಾಸ್ತ್ರ. ಮೃತರ ಪೂಜೆ ಬಲಿಪೀಠದ ಅಧೀನದಲ್ಲಿದೆ, ಅಲ್ಲಿ ಅಕ್ಷರಕ್ಕಕ್ಷರ ಪೂಜಾಗ್ರಂಥವನ್ನೇ ಅನುಸರಿಸಬೇಕು.

ಮರಣದ ವಿಷಯದಲ್ಲಿಯೂ ನೆಲದ ನಂಬಿಕೆ ಹುಡುಕಬೇಕೆನ್ನುವವರಿಗೆ ಜಾಗ ಇದ್ದೇ ಇದೆ, ಅವರು ನೋಡುತ್ತಿರುವ ಕಡೆಯಲ್ಲಿ ಮಾತ್ರ ಅದಿಲ್ಲ. ಅಪಮೃತ್ಯುವಿಗೀಡಾದವನ ಆತ್ಮ ಶಾಂತಿಯಿಲ್ಲದೆ ಅಲೆಯುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಇಂಥ ಕಡೆ ಹೋಗಬಾರದು ಎಂಬ ಅಂಜಿಕೆ ಈ ಕರಾವಳಿಯಲ್ಲಿ ಜಾತಿಮತಗಳ ಗಡಿ ನೋಡದೆ ಕೇಳಿಬರುತ್ತದೆ. ಮೃತರಿಗಾಗಿ ಪ್ರಾರ್ಥಿಸುವ ಸಭೆಯಲ್ಲೂ ಪ್ರಾರ್ಥಿಸದ ಸಭೆಯಲ್ಲೂ ಅದು ಇರುವುದರಿಂದಲೇ, ಅದರ ಮೂಲ ಆ ಪ್ರಾರ್ಥನೆಯಲ್ಲಿಲ್ಲ ಎಂದು ಹೇಳಬಹುದು. ಕಥೋಲಿಕ ತತ್ತ್ವದ ಶುದ್ಧೀಕರಣ ಸ್ಥಳದ ಆತ್ಮವಾಗಲಿ, ಎಫ್ರೇಮರ ಕಾಯುವ ಆತ್ಮವಾಗಲಿ ಯಾರ ಮನೆಯ ಅಂಗಳಕ್ಕೂ ಬಂದು ಅನ್ನ ಕೇಳುವುದಿಲ್ಲ. ಅಂಜಿಕೆಯ ಅಧ್ಯಯನಕ್ಕೆ ಮನೆಮಾತಿನ ಕಥೆಗಳೂ ಕುಲೆಯ ಕಲ್ಪನೆಯೂ ಆಕರ. ಪ್ರಾರ್ಥನೆಯ ಅಧ್ಯಯನಕ್ಕೆ ಲ್ಯಾಟಿನ್ ಮತ್ತು ಸಿರಿಯಾಕ್ ಪೂಜಾಗ್ರಂಥಗಳು, ಅವುಗಳ ಕೊಂಕಣಿ, ಕನ್ನಡ ರೂಪಗಳು, ಧರ್ಮಕೇಂದ್ರಗಳ ಪೂಜಾಬೇಡಿಕೆಯ ಪುಸ್ತಕಗಳು ಆಕರ. ಎರಡನೆಯದನ್ನು ತೆರೆಯದೆಯೇ ಮೊದಲನೆಯದರ ಬಲದಿಂದ ಅದನ್ನು ವಿವರಿಸಿದವರು ಬ್ರಹ್ಮಾವರದ ಒಂದೇ ಊರಿನಲ್ಲಿ ಒಂದೇ ಮೂಲದ ಎರಡು ಸಭೆಗಳು ಏಕೆ ಬೇರೆ ಬೇರೆ ದಿನ ಸತ್ತವರನ್ನು ಸ್ಮರಿಸುತ್ತವೆ ಎಂಬ ಪ್ರಶ್ನೆಗೆ ಈವರೆಗೆ ಉತ್ತರಿಸಿಲ್ಲ.